ಬೇಸ್‌ಮೆಂಟ್ ದೆವ್ವ, ಭಾಗ ಎರಡು

ನಮ್ಮ ಭಾವನವರಂತೆ ಶಿಸ್ತಿನ ದೆವ್ವವನ್ನು ಸೃಷ್ಟಿಸಿದ ಕಲಾವಿದರು ಮೂರು ಲೋಕದಲ್ಲೂ ಇಲ್ಲ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳಬಲ್ಲೆ. ಅವರ ದೆವ್ವ ಬೆಳಗ್ಗೆ ಹತ್ತು ಗಂಟೆಗೆ ಸರಿಯಾಗಿ ಕೆಲಸಕ್ಕೆ ಹಾಜರಾಗುತ್ತಿತ್ತು. ಒಂದು ಗಂಟೆಗೆ ಊಟದ ಬಿಡುವು. ಸಂಜೆ ನಾಲ್ಕಾಯಿತೋ, ಹೆದರಿಸುವ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಮುಖ ತೊಳೆದುಕೊಂಡು, ಎಲ್ಲರಿಗೂ ಕಾಫಿ ಬೆರೆಸಲು ಅಡುಗೆಮನೆಗೆ ಹೋಗುತ್ತಿತ್ತು. ಯಾಕೆಂದರೆ ಆ ದೆವ್ವ ನಮ್ಮಕ್ಕ.

ಭಾವನವರ ಹೆಸರು ಇಲ್ಲಿ ಬೇಡ. ವಾಸ ನಾರ್ತ್ ಕೆರೊಲೈನಾದ ಏಪೆಕ್ಸ್. ಹೊಟ್ಟೆಪಾಡಿಗೆ ಔಷಧ ಕಂಪನಿಯೊಂದರಲ್ಲಿ ಅಂಕಿಅಂಶಗಳ ಕೆಲಸ. ಜೀವನೋದ್ದೇಶ ಸಿನಿಮಾ. ಆ ದಿನಗಳಲ್ಲಿ ಇಡೀ ವಿಡಿಯೊ ಕ್ಯಾಸೆಟ್ಟನ್ನೇ ನುಂಗುವ ದೊಡ್ಡ ಕ್ಯಾಮ್‌ಕಾರ್ಡರುಗಳಿದ್ದವಲ್ಲ, ಅಂಥದೊಂದನ್ನು ಅವರು ಒಂದು ದಿನ ಇದ್ದಕ್ಕಿದ್ದಂತೆ ಕೊಂಡುತಂದರು. ಅದನ್ನು ಹೆಗಲಿಗೇರಿಸಿದರೆ ಕಾಡಿನಿಂದ ಗಂಧದ ದಿಮ್ಮಿ ಸಾಗಿಸುವವರಂತೆ ಕಾಣುತ್ತಿದ್ದರು. ಮುಖ ಮಾತ್ರ ಹೈಕೋರ್ಟ್ ನ್ಯಾಯಾಧೀಶರದು. ನಕ್ಕಿದ್ದನ್ನು ಕಂಡವರು ಕಡಿಮೆ. ನಗಿಸಿದ್ದನ್ನು ಕಂಡವರು ಇಡೀ ಕನ್ನಡ ಕೂಟ.

ಅವರ ಮೊದಲ ಕೃತಿ 'ಬೇಸ್‌ಮೆಂಟ್ ದೆವ್ವ'. ಕಥೆ ಸರಳ. ಬೆಂಗಳೂರಿನ ಸಂಸಾರವೊಂದು ಕೆರೊಲೈನಾದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೇ ಮನೆ ಕೊಳ್ಳುತ್ತದೆ. ಅದರ ಬೇಸ್‌ಮೆಂಟಿನಲ್ಲಿ ಒಬ್ಬ ಅಮೆರಿಕನ್ ಅಜ್ಜಿಯ ದೆವ್ವ. ಅಜ್ಜಿ ಎಷ್ಟು ಹೆದರಿಸಿದರೂ ಇವರು ಮನೆ ಬಿಡುವುದಿಲ್ಲ, ಏಕೆಂದರೆ ಇಮಿಗ್ರೇಷನ್ ಆಫೀಸಿಗಿಂತ ಭಯಂಕರವಾದದ್ದನ್ನು ಅವಳೂ ತೋರಿಸಲಾರಳು! ಕೊನೆಗೆ ಇಂಗಿನ ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಬಡಿದುಕೊಂಡು, ದೆವ್ವವೇ ಬೆದರಿ ಓಡಿಹೋಗುತ್ತದೆ. ಮನೆಯ ಯಜಮಾನನ ಪಾತ್ರ ನನ್ನದು. ನಲವತ್ತು ನಿಮಿಷದಲ್ಲಿ ಹನ್ನೊಂದು ಸಲ ಮೂರ್ಛೆ ಹೋದೆ. ನಟನೆ ಚೆನ್ನಾಗಿತ್ತು ಎಂದು ಯಾರೂ ಹೇಳಲಿಲ್ಲ, ಬೀಳುವುದು ಚೆನ್ನಾಗಿತ್ತು ಎಂದರು.

ಚಿತ್ರದ ವಿಶೇಷಗಳನ್ನು ದಾಖಲಿಸುವುದು ನನ್ನ ಕರ್ತವ್ಯ. ಮೊದಲನೆಯದಾಗಿ, ಬೇಸ್‌ಮೆಂಟ್ ದೆವ್ವದಲ್ಲಿ ಬೇಸ್‌ಮೆಂಟ್ ಇರಲಿಲ್ಲ.

"ಭಾವ, ಒಂದು ಸೀನಾದ್ರೂ ಬೇಸ್‌ಮೆಂಟಲ್ಲಿ ಬೇಡ್ವಾ?"

"ದೆವ್ವ ಅಲ್ಲಿಂದ್ಲೇ ಬಂದಿದೆ ಅಂತ ಹೇಳಿದೀವಲ್ಲ. ಬಂದಾದ್ಮೇಲೆ ಅಲ್ಲಿ ನಮಗೇನು ಕೆಲಸ?"

ದೆವ್ವಕ್ಕೆ ಬಿಳಿ ಬಟ್ಟೆಯೂ ಇಲ್ಲ. ಅಮೆರಿಕನ್ ಅಜ್ಜಿಯಾದ್ದರಿಂದ ಬಿಳಿ ಗೌನು ಹೊಲಿಸೋಣವೆಂದರೆ, "ದೆವ್ವ ಬೇಕಾದ್ರೆ ಆಗ್ತೀನಿ, ಗೌನು ಹಾಕಲ್ಲ" ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದಳು. ಹಾಗಾದರೆ ಬಿಳಿ ಸೀರೆ ಉಡಲಿ ಎಂದೆ. ಭಾವನವರು ನನ್ನನ್ನು ಕನಿಕರದಿಂದ ನೋಡಿದರು.

"ಆಸೆ ತೀರದೆ ಸತ್ತೋಳು ದೆವ್ವ ಆಗ್ತಾಳೆ. ಆಸೆ ಇರೋಳು ಬಿಳಿ ಸೀರೆ ಉಡ್ತಾಳೇನಯ್ಯಾ?"

ಹೀಗೆ ಅಮೆರಿಕನ್ ಅಜ್ಜಿಯ ದೆವ್ವ, ಮನೆಯವರ ಟ್ರಂಕಿನಿಂದ ಕದ್ದದ್ದೆಂಬ ಸಮಜಾಯಿಷಿಯೊಂದಿಗೆ, ಕಿತ್ತಳೆ ಬಣ್ಣದ ಮೈಸೂರು ರೇಷ್ಮೆ ಸೀರೆಯಲ್ಲಿ ಪ್ರತ್ಯಕ್ಷವಾಯಿತು. ಅದೂ ಮಟಮಟ ಮಧ್ಯಾಹ್ನ. ಕಿಟಕಿಯ ಪರದೆಗಳನ್ನೆಲ್ಲ ಕಿತ್ತು, ಮನೆಯ ದೀಪಗಳನ್ನೆಲ್ಲ ಹಾಕಿ, ಸಾಲದೆಂದು ಗರಾಜಿನಿಂದ ಎರಡು ದೊಡ್ಡ ದೀಪ ತಂದು ನಿಲ್ಲಿಸಿ! ಆ ಬೆಳಕಿನಲ್ಲಿ ದೆವ್ವದ ಬೆವರು ಕಾಣುತ್ತಿತ್ತು. ಮೇಲಾಗಿ, ಪಾತ್ರಧಾರಿ ಯಾರೇ ಆಗಲಿ, ಕೋಣೆಯೊಳಗೆ ಬರುವ ಮುನ್ನ ಎರಡು ಸಲ ಚಪ್ಪಾಳೆ ತಟ್ಟಬೇಕು. ಚಪ್ಪಾಳೆ ತಟ್ಟಿ ಬರುವ ದೆವ್ವವನ್ನು ಕಂಡು ಹೆದರುವುದು ಹೇಗೆಂದು ಕೇಳಿದೆ. "ಮರ್ಯಾದಸ್ಥ ದೆವ್ವ ಹೇಳಿಯೇ ಬರುತ್ತೆ," ಎಂದರು.

ದೀಪಾವಳಿ ಕಾರ್ಯಕ್ರಮದಲ್ಲಿ ಚಿತ್ರ ತೋರಿಸಿದರು. ಜನ ಕುರ್ಚಿಯಿಂದ ಬಿದ್ದು ನಕ್ಕರು. ಅಂದಿನಿಂದ ಅಕ್ಕನಿಗೆ ಸ್ವಂತ ಹೆಸರು ಹೋಯಿತು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೆಲ್ಲ, "ಘೋಸ್ಟ್ ಆಂಟಿ, ಸಮೋಸಾ ಇನ್ನೂ ಇದ್ಯಾ?" ಎಂದು ಹಿಂದೆ ಬೀಳುತ್ತಿದ್ದವು.

ಭಾವನವರ ವಿಲಕ್ಷಣತೆ ಸಿನಿಮಾಕ್ಕೆ ಸೀಮಿತವಾಗಿರಲಿಲ್ಲ. ಸೂರ್ಯ ಇಳಿಯುವ ಹೊತ್ತಿಗೆ ಅವರು ಎಲ್ಲಿದ್ದರೂ ಮನೆಗೆ ಹೊರಡಬೇಕು. ಯಾರ ಮನೆಯ ಸತ್ಯನಾರಾಯಣ ಪೂಜೆಯಾಗಲಿ, ಕಥೆಯ ಐದನೇ ಅಧ್ಯಾಯಕ್ಕೆ ಅವರು ಹೈವೇ ಮೇಲೆ. ಚಳಿಗಾಲದಲ್ಲಂತೂ ಪಾಯಸ ಬಡಿಸುವ ಮೊದಲೇ ಎದ್ದುಬಿಡುತ್ತಿದ್ದರು. ಹೋಗುವಾಗ ಕಾಫಿ ಟೇಬಲ್ಲಿಗೋ, ಯಾರದೋ ಮಗುವಿಗೋ, ಒಮ್ಮೆಯಂತೂ ನೇರವಾಗಿ ಕೋಸಂಬರಿಯ ಪಾತ್ರೆಗೋ ಡಿಕ್ಕಿ ಹೊಡೆದು, "ಯಾರಪ್ಪಾ ಇಲ್ಲಿಟ್ಟೋರು?" ಎಂದು ಗದರಿಸಿ ಹೋಗುತ್ತಿದ್ದರು. ಕಲಾವಿದರ ಅನ್ಯಮನಸ್ಕತೆ ಎಂದು ನಾವೆಲ್ಲ ಹೆಮ್ಮೆಪಟ್ಟುಕೊಂಡೆವು. ನಮ್ಮ ಬುದ್ಧಿಗೆ ಏನನ್ನಬೇಕು?

ನಾಲ್ಕು ವರ್ಷದ ಮೇಲೆ ಅವರಿಗೆ ಭಾಗ ಎರಡರ ಹುಚ್ಚು ಹಿಡಿಯಿತು. ಹಿಡಿಯಿತು ಎಂದರೆ, ಕಂಡವರಿಗೂ ಹಿಡಿಸುವಷ್ಟು ಹಿಡಿಯಿತು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವಂತಿಲ್ಲ, ಒಂದು ಪಾತ್ರ ಕೊಟ್ಟೇ ಕಳಿಸಬೇಕು. ಮುಕ್ಕಾಲು ಭಾಗವನ್ನು ಏಪೆಕ್ಸಿನ ಅವರ ಮನೆಯಲ್ಲೇ ತೆಗೆದಾಯಿತು. ಉಳಿದದ್ದು ಕೊನೆಯ ದೃಶ್ಯ. ಅದು ಹೀಗೆ: ಓಡಿಹೋದ ದೆವ್ವ ಹೊರಗೆಲ್ಲೂ ಊಟ ಸೇರದೆ, ಹುಳಿಯ ವಾಸನೆ ನೆನೆದು ವಾಪಸ್ಸು ಬರುತ್ತದೆ. ಬಂದು ನೋಡಿದರೆ ಸಂಸಾರ ಮನೆ ಮಾರಿ ವರ್ಜೀನಿಯಾದಲ್ಲಿ ಹೊಸ ಮನೆ ಕೊಂಡಿದೆ. ದೆವ್ವ ಅಲ್ಲಿಗೂ ಹೋಗಿ ಹೊಸಿಲಲ್ಲಿ ನಿಲ್ಲುತ್ತದೆ. ಒಳಗೆ ಬರಲು ಸಂಕೋಚ. ಆಗ ಯಜಮಾನನೇ (ಎಂದರೆ ನಾನೇ) ಮೂರ್ಛೆ ಹೋಗದೆ ಮುಂದೆ ಬಂದು, "ಬಲಗಾಲಿಟ್ಟು ಬನ್ನಿ," ಎಂದು ಕರೆಯಬೇಕು. ದೆವ್ವ ಬಂದು, ಹೊಸ ಒಲೆಯ ಮೇಲೆ ಹಾಲು ಉಕ್ಕಿಸಬೇಕು. ಶುಭಂ.

ಅದಕ್ಕೆ ಬೇಕಾದದ್ದು ಖಾಲಿಯಾಗಿರುವ, ಇನ್ನೂ ಗೃಹಪ್ರವೇಶವಾಗದ ಹೊಸ ಮನೆ. ಆ ವಸಂತದಲ್ಲೇ ನಾನು ವರ್ಜೀನಿಯಾದ ಶ್ಯಾಂಟಿಲಿಯಲ್ಲಿ ಮನೆ ಕೊಂಡಿದ್ದೆ. ಇದಕ್ಕಿಂತ ದೈವಸಂಕಲ್ಪ ಬೇಕೆ?

"ಈ ಸಲ ಮುಗಿಸ್ಲೇಬೇಕು ಕಣಯ್ಯಾ. ಮುಂದಕ್ಕೆ ಹಾಕೋ ಹಾಗಿಲ್ಲ," ಎಂದರು ಭಾವ ಫೋನಿನಲ್ಲಿ.

"ಯಾಕೆ ಭಾವ? ದೆವ್ವಕ್ಕೆ ವಯಸ್ಸಾಗ್ತಿದ್ಯಾ?"

"ದೆವ್ವಕ್ಕಲ್ಲ," ಎಂದರು.

ನಾನು ನಕ್ಕೆ. ಅವರೂ ನಕ್ಕರು. ಅವರು ನಗುವುದು ಅಪರೂಪವೆಂದು ಮೇಲೆ ಹೇಳಿದ್ದೇನೆ. ಆಗಲಾದರೂ ನನಗೆ ಹೊಳೆಯಬೇಕಿತ್ತು.

ಮನೆಯಲ್ಲಿ ವಿಷಯ ಎತ್ತಿದೆ. ನನ್ನ ಹೆಂಡತಿ ಕೈಲಿದ್ದ ರಟ್ಟಿನ ಪೆಟ್ಟಿಗೆ ಕೆಳಗಿಟ್ಟಳು.

"ನಮ್ಮನೇಲಿ ಮೊಟ್ಟಮೊದಲು ಹಾಲುಕ್ಕಿಸೋದು ದೆವ್ವಾನಾ?"

"ದೆವ್ವ ಅಲ್ವೇ, ನಮ್ಮಕ್ಕ."

"ಇನ್ನೂ ವಿಶೇಷ!"

ಅವಳ ಆಕ್ಷೇಪಣೆಯಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಗೃಹಪ್ರವೇಶಕ್ಕೆ ಮುಂಚೆ ದೆವ್ವ ಬರಬಾರದು. ಗೃಹಪ್ರವೇಶವಾದ ಮೇಲೆ ದೇವರಿರುವ ಮನೆಗೆ ದೆವ್ವ ಬರಲೇಬಾರದು. ಹಾಗಾದರೆ ಬಡಪಾಯಿ ದೆವ್ವ ಬರುವುದಾದರೂ ಯಾವಾಗ? ಧರ್ಮಸೂಕ್ಷ್ಮವಾದ್ದರಿಂದ ಅಟ್ಲಾಂಟಾದಲ್ಲಿದ್ದ ಪುರೋಹಿತರಿಗೆ ಫೋನ್ ಮಾಡಿದೆವು. ಅವಳು ಮಹಡಿಯ ಫೋನಿನಲ್ಲಿ, ನಾನು ಅಡುಗೆಮನೆಯ ಫೋನಿನಲ್ಲಿ. ಪುರೋಹಿತರು ಸಮಸ್ಯೆಯನ್ನು ಪೂರ್ತಿ ಕೇಳಿಸಿಕೊಂಡರು.

"ದೆವ್ವ ನಿಜವಾದ್ದೋ, ವೇಷವೋ?"

"ವೇಷ."

"ಗೋತ್ರ?"

"ದೆವ್ವದ್ದಾ?"

"ವೇಷ ಹಾಕೋರದ್ದು ಸ್ವಾಮೀ!"

ಹೇಳಿದೆ. ಆಮೇಲೆ ತೀರ್ಪು ಬಂತು.

"ಹಾಲು ಬೇಡ. ಪಾತ್ರೇಲಿ ಸೋಪಿನ ನೊರೆ ಎಬ್ಬಿಸಿ, ಸಿನಿಮಾದಲ್ಲಿ ಯಾರಿಗೆ ಗೊತ್ತಾಗತ್ತೆ? ಹೇಗೂ ಆಮೇಲೆ ವಾಸ್ತು ಹೋಮ ಇದೆ. ಅಕಸ್ಮಾತ್ ಒಂದೆರಡು ನಿಜವಾದ್ದು ಸೇರ್ಕೊಂಡಿದ್ರೂ ಅದ್ರಲ್ಲೇ ಹೋಗ್ತವೆ." ಫೋನ್ ಇಡುವ ಮುನ್ನ ಕೇಳಿದರು: "ಅಂದ ಹಾಗೆ, ಚಿತ್ರದಲ್ಲಿ ಪುರೋಹಿತನ ಪಾತ್ರ ಏನಾದ್ರೂ ಇದ್ಯೋ?"

ಹೀಗೆ ಶಾಸ್ತ್ರ ಒಪ್ಪಿತು. ಹೆಂಡತಿಯೂ ಒಪ್ಪಿದಳು. ಒಪ್ಪದೇ ಹೋದದ್ದು ಕಾರ್ಪೆಟ್.

ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮನೆಯ ಉದ್ದಗಲಕ್ಕೂ ಹಾಲಿನ ಕೆನೆಯ ಬಣ್ಣದ ಹೊಸ ಕಾರ್ಪೆಟ್. ದೆವ್ವದ ಮುಖದ ತುಂಬ ಅರಿಶಿನ, ಕುಂಕುಮ. ಸೋಪಿನ ನೊರೆ. ದೊಡ್ಡ ದೀಪಗಳು. ನಾನು ಆ ಕಾರ್ಪೆಟ್ಟಿನ ಮೇಲೆ ಸ್ವತಃ ತುದಿಗಾಲಲ್ಲಿ ನಡೆಯುತ್ತಿದ್ದ ಕಾಲ. ಭಾವನವರಿಗೆ ಫೋನ್ ಮಾಡಿ, "ಪೇಂಟಿನೋರು ಬರ್ತಾರೆ, ಮೆಮೋರಿಯಲ್ ಡೇಗೆ ಇಟ್ಕೊಳ್ಳೋಣ," ಎಂದೆ. ಪೇಂಟಿನವರು ಬರುವುದಿರಲಿಲ್ಲ.

"ಆಗ್ಲಿ," ಎಂದರು. ಜೊತೆಗೆ, "ಲಿವಿಂಗ್ ರೂಮ್ ಕಿಟಕಿ ದಕ್ಷಿಣಕ್ಕಲ್ವಾ? ಪರದೆ ಮಾತ್ರ ಹಾಕಿಸ್ಬೇಡಪ್ಪಾ," ಎಂದರು.

ಮೇ ಕೊನೆಯಲ್ಲಿ ಮೆಮೋರಿಯಲ್ ಡೇ ರಜ ಬಂತು. ಆಫೀಸಿನ ನೆಪ ಹೇಳಿದೆ. ಜುಲೈ ನಾಲ್ಕು ಬಂತು. ಅಷ್ಟರಲ್ಲಿ ನಮ್ಮ ಗೃಹಪ್ರವೇಶವೇ ಆಗಿಹೋಗಿತ್ತು, ಸೋಫಾ ಬಂದಿತ್ತು. "ಮನೆ ಖಾಲಿ ಇಲ್ವಲ್ಲ ಭಾವ," ಎಂದೆ. "ಸೋಫಾ ಇರ್ಲಿ ಬಿಡಯ್ಯಾ, ದೆವ್ವಾನೂ ಕೂತ್ಕೊಳ್ಳುತ್ತೆ," ಎಂದರು. ಸೆಪ್ಟೆಂಬರಿನ ಲೇಬರ್ ಡೇ ರಜಕ್ಕೆ ಎಂದು ಗಟ್ಟಿಯಾಯಿತು. ಪ್ರತಿಸಲವೂ ಅವರು 'ಆಗ್ಲಿ' ಎಂದದ್ದು ಒಂದೇ ಧಾಟಿಯಲ್ಲಿ, ಬಸ್ಸು ತಪ್ಪಿಹೋಗುವುದನ್ನು ನಿಂತು ನೋಡುವವರ ಹಾಗೆ.

ನಡುವೆ ಆಗಸ್ಟಿನಲ್ಲಿ ಅವರ ಕನ್ನಡ ಕೂಟದ ಕಾರ್ಯಕ್ರಮ. ನಿರೂಪಣೆಗೆ ನನ್ನನ್ನು ಕರೆದಿದ್ದರು. ಮೈಕ್ ಸಿಕ್ಕಿದರೆ ನನಗೆ ಬಾಲ ಬಂದ ಹಾಗೆ. ಕಾರ್ಯಕ್ರಮ ಎಂದಿನಂತೆ ಎರಡು ಗಂಟೆ ತಡ. ಕಿಟಕಿಯಾಚೆ ಬಿಸಿಲು ಕೆಂಪಾಯಿತು. ನೃತ್ಯದ ನಡುವೆ ಭಾವನವರು ಎದ್ದರು. ಅಕ್ಕ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ಇವರು ಹಿಂದೆ. ಸಾಲುಕುರ್ಚಿಗಳ ನಡುವೆ ನಿಧಾನವಾಗಿ ಹೊರಟರು. ನಾನು ಬಿಡುತ್ತೇನೆಯೆ?

"ನೋಡಿ, ನೋಡಿ! ಬೇಸ್‌ಮೆಂಟ್ ದೆವ್ವದ ನಿರ್ದೇಶಕರು ಹೊರಟರು! ಕತ್ತಲೆ ಅಂದರೆ ಅವರಿಗೆ ಭಯ ಸ್ವಾಮೀ! ಅದಕ್ಕೇ ದೆವ್ವದ ಹೆಗಲನ್ನೇ ಹಿಡಿದುಕೊಂಡು ಹೋಗುತ್ತಿದ್ದಾರೆ!"

ಇನ್ನೂರು ಜನ ಹೋ ಎಂದರು. ಭಾವನವರು ನಿಂತರು, ತಿರುಗಿದರು, ಕೈಯೆತ್ತಿ ಘನಗಂಭೀರವಾಗಿ ನಮಸ್ಕಾರ ಮಾಡಿದರು. ವೇದಿಕೆಗಲ್ಲ, ಜನಕ್ಕೂ ಅಲ್ಲ, ಯಾರೂ ಇಲ್ಲದ ಮೂಲೆಗೆ! ಆ ಹಾಸ್ಯಪ್ರಜ್ಞೆಗೆ ಸಭೆ ಇನ್ನೊಂದು ಸಲ ಹೋ ಎಂದಿತು. ಅಕ್ಕ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಜೋಕು ಹಿಡಿಸಲಿಲ್ಲ ಎಂದುಕೊಂಡೆ.

ಲೇಬರ್ ಡೇ ಶನಿವಾರ ಹನ್ನೊಂದಕ್ಕೆ ಅವರ ಕಾರು ಬಂತು. ಡ್ರೈವರ್ ಸೀಟಿನಿಂದ ಇಳಿದದ್ದು ಅಕ್ಕ. ಏಪೆಕ್ಸಿನಿಂದ ಅಷ್ಟು ದೂರ ಅವಳು ಓಡಿಸಿದ್ದನ್ನು ನಾನು ಕಂಡದ್ದೇ ಇಲ್ಲ. "ರಾತ್ರಿ ನಿದ್ದೆ ಸರಿಯಾಗ್ಲಿಲ್ಲ," ಎಂದರು ಭಾವ. ಪರದೆ ಕಿತ್ತಾಯಿತು. ದೀಪ ಹಾಕಿದ್ದಾಯಿತು. ಕಾರ್ಪೆಟ್ಟಿನ ಮೇಲೆ ನಾನು ಹಳೇ ಚಾದರಗಳನ್ನು ಹಾಸಿ, ಸುಕ್ಕಿಲ್ಲದಂತೆ ಎಳೆದಿದ್ದೆ. ಅಕ್ಕ ಕಿತ್ತಳೆ ಸೀರೆಯಲ್ಲಿ ಹೊಸಿಲಾಚೆ ನಿಂತಳು. ಭಾವನವರು ಕ್ಯಾಮೆರಾಕ್ಕೆ ಕಣ್ಣಿಟ್ಟರು. ನಾನು ಎದೆಯುಬ್ಬಿಸಿ, ಮೂರ್ಛೆ ಹೋಗದೆ, "ಬಲಗಾಲಿಟ್ಟು ಬನ್ನಿ," ಎಂದೆ. ಅಕ್ಕ ಎರಡು ಸಲ ಚಪ್ಪಾಳೆ ತಟ್ಟಿ ಬಾಗಿಲಿಗೆ ಬಂದಳು.

"ಬಾರೇ, ಯಾಕೆ ಅಲ್ಲೇ ನಿಂತೆ?"

"ಬಂದಿದೀನಲ್ಲ ರೀ. ಹೊಸಿಲ ಮೇಲೇ ಇದೀನಿ."

ಕ್ಯಾಮೆರಾ ಸ್ವಲ್ಪ ಎಡಕ್ಕೆ ಹೋಯಿತು. ಬಲಕ್ಕೆ ಬಂತು. ಮೇಲೆ, ಕೆಳಗೆ. ಮನೆಯ ತುಂಬ ಬಿಸಿಲು, ಬಿಸಿಲಿನ ಮೇಲೆ ದೀಪ, ದೀಪದ ಮುಂದೆ ಬೆಂಕಿಯಂಥ ಸೀರೆ.

"ಎಲ್ಲಿದೀಯೇ?"

"ಇಲ್ಲೇ ರೀ. ನಿಮ್ಮ ಮುಂದೇನೇ."

ಭಾವನವರು ಕ್ಯಾಮೆರಾ ಇಳಿಸಿ, ಮೊಣಕಾಲೂರಿ, ಒಂದು ಕೈಯಿಂದ ನೆಲ ಮುಟ್ಟಿ ನೋಡಿ, ಅದನ್ನು ಚಾದರದ ಮೇಲೆ ಮೆತ್ತಗೆ ಇಟ್ಟರು.

"ಬೆಳಕು ಸಾಲ್ದು ಕಣಯ್ಯಾ. ಇನ್ನೊಂದ್ಸಲ ನೋಡೋಣ."

ಕಿಟಕಿಯಲ್ಲಿ ಸೆಪ್ಟೆಂಬರಿನ ಸೂರ್ಯ ಉರಿಯುತ್ತಿದ್ದ. ನಾನೇನು ಹೇಳಿದೆ ಗೊತ್ತೆ? "ಸರಿ ಬಿಡಿ ಭಾವ, ಊಟ ಮಾಡೋಣ," ಎಂದೆ. ಎಂದು, ಬಗ್ಗಿ, ಚಾದರದ ಅಂಚು ಎತ್ತಿ, ಕಾರ್ಪೆಟ್ಟಿಗೆ ಅರಿಶಿನ ತಾಗಿದೆಯೇ ಎಂದು ನೋಡಿದೆ. ತಾಗಿರಲಿಲ್ಲ. ಇವತ್ತಿಗೂ ಇಲ್ಲ. ಶ್ಯಾಂಟಿಲಿಯಲ್ಲಿ ಅಷ್ಟು ಶುಭ್ರವಾದ ಕಾರ್ಪೆಟ್ ಇನ್ನೊಂದಿರಲಾರದು.

ಮರುವಾರ ಅಕ್ಕನ ಫೋನ್ ಬಂತು. "ಅವರು ಡ್ರೈವಿಂಗ್ ಲೈಸೆನ್ಸ್ ವಾಪಸ್ ಕೊಟ್ಟುಬಂದ್ರು ಕಣೋ," ಎಂದಳು. ಆಮೇಲೆ ಒಂದೊಂದಾಗಿ ಹೇಳಿದಳು. ಕಣ್ಣಿನ ಕಾಯಿಲೆ. ಮೊದಲು ಕತ್ತಲಲ್ಲಿ ಕಾಣುವುದು ಹೋಗುತ್ತದೆ. ಆಮೇಲೆ ಅಕ್ಕಪಕ್ಕ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಉಳಿಯುತ್ತದೆ, ಅದೂ ವರ್ಷವರ್ಷಕ್ಕೆ ಕಿರಿದಾಗುತ್ತದೆ. ಔಷಧಿಯಿಲ್ಲ.

"ಯಾವಾಗಿಂದ?"

"ಐದು ವರ್ಷ ಆಯ್ತು. ಡಾಕ್ಟ್ರು ಹೇಳಿದ ವಾರಾನೇ ಹೋಗಿ ಆ ಕ್ಯಾಮೆರಾ ತಂದ್ರು."

ನನಗೆ ನಿಂತಲ್ಲೇ ಮೂರ್ಛೆ ಹೋಗುವಂತಾಯಿತು. ಈ ಸಲ ನಟನೆಯಲ್ಲ.

"ನನಗೆ ಯಾಕೆ ಹೇಳ್ಲಿಲ್ಲ ಅಕ್ಕಾ?"

"ಅವರು ಬೇಡ ಅಂದ್ರು. 'ಪುಕ್ಕಲ ಅಂದ್ರೆ ಜನ ನಗ್ತಾರೆ. ಅಯ್ಯೋ ಪಾಪ ಅಂದ್ರೆ ಬಿಸಿಬೇಳೆಬಾತ್ ಕಳಿಸ್ತಾರೆ. ನನಗೆ ಅವರು ನಗೋದೇ ವಾಸಿ' ಅಂದ್ರು." ಆಮೇಲೆ, "ಮೇ ತಿಂಗಳಲ್ಲಿ ಬೆಳಕಲ್ಲಿ ಇನ್ನೂ ಚೆನ್ನಾಗೇ ಕಾಣ್ತಿತ್ತು ಕಣೋ," ಎಂದಳು. ಬೈಯಲಿಲ್ಲ. ಬೈದಿದ್ದರೆ ಈ ಪ್ರಬಂಧ ಬರೆಯುವ ಅಗತ್ಯವಿರುತ್ತಿರಲಿಲ್ಲ.

ಶನಿವಾರ ಒಬ್ಬನೇ ಏಪೆಕ್ಸಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮಾಪಣೆಯನ್ನು ಭಾಷಣದಂತೆ ಕಟ್ಟಿಕೊಂಡೆ. ಭಾವನವರು ಅದಕ್ಕೆ ಎಡೆಯೇ ಕೊಡಲಿಲ್ಲ. ಇಂಡಿಯಾದ ರಾಜಕೀಯ ಮಾತಾಡಿದರು, ಪೆಟ್ರೋಲ್ ಬೆಲೆ ಮಾತಾಡಿದರು, ನನಗೆ ಎರಡು ಸಲ ಉಪ್ಪಿಟ್ಟು ಹಾಕಿಸಿದರು. ಕೊನೆಗೆ ನಾನೇ ನುಗ್ಗಿದೆ.

"ಭಾವ, ಆವತ್ತು ಮೈಕಲ್ಲಿ ನಾನು..."

"ಜೋಕು ಚೆನ್ನಾಗಿತ್ತು. ನಾನು ನಮಸ್ಕಾರ ಮಾಡಿದ್ದು ಯಾವ ಕಡೆಗೆ? ಇವಳು ಹೇಳೋದೇ ಇಲ್ಲ."

"ಸಮೋಸಾ ಟೇಬಲ್ ಕಡೆಗೆ."

"ಪರವಾಗಿಲ್ಲ. ಅನ್ನಪೂರ್ಣೇಶ್ವರಿ ಅಲ್ಲೇ ಇರೋದು."

"ಭಾಗ ಎರಡು ಮುಗಿಸೋಣ ಭಾವ. ಕ್ಯಾಮೆರಾ ನಾನು ಹಿಡೀತೀನಿ. ನೀವು ಹೇಳ್ತಾ ಹೋಗಿ, ನಾನು ತೆಗೀತಾ ಹೋಗ್ತೀನಿ. ನಮ್ಮನೆ ಇದೆ, ಯಾವತ್ತು ಬೇಕಾದ್ರೂ. ಕಾರ್ಪೆಟ್ ಕಿತ್ತುಹಾಕ್ತೀನಿ ಬೇಕಾದ್ರೆ."

ಅವರು ಬಹಳ ಹೊತ್ತು ಯೋಚಿಸಿದರು. ಬೇಸರದಿಂದಲ್ಲ, ಒಂದು ಲೆಕ್ಕ ಸರಿಯಿದೆಯೇ ಎಂದು ನೋಡುವವರಂತೆ.

"ನೀನು ತೆಗೆದ್ರೆ ಅದು ನಿನ್ನ ಸಿನಿಮಾ ಆಗುತ್ತೆ ಕಣಯ್ಯಾ. ನಾನು ಮಾಡಿದ್ದು ಜನಕ್ಕೆ ತೋರ್ಸೋದಕ್ಕಲ್ಲ. ಕ್ಯಾಮೆರಾ ಕಣ್ಣಿಗಿಟ್ರೆ ಎಲ್ಲಾರೂ ಆ ಸಣ್ಣ ಚೌಕದೊಳಗೆ ಬಂದ್ಬಿಡ್ತಿದ್ರು. ಅಷ್ಟು ನನಗೆ ಕಾಣೋದು. ನೀನು ಬೀಳೋದು, ಇವಳು ಹಲ್ಲು ಕಿರಿಯೋದು, ಎಲ್ಲ ನೋಡ್ಕೊಂಡೆ. ಸಾಕಷ್ಟು ನೋಡ್ಕೊಂಡೆ." ಆಮೇಲೆ ಎಂದರು: "ದೆವ್ವ ಹೊಸಿಲು ದಾಟ್ಲಿಲ್ಲ. ಇರ್ಲಿ ಬಿಡು. ಹೊಸಿಲ ಮೇಲೆ ನಿಂತಿರೋ ದೆವ್ವಕ್ಕೂ ಒಂದು ಗಾಂಭೀರ್ಯ ಇರುತ್ತೆ."

ಬಿಸಿಲು ಇಳಿಯುವ ಹೊತ್ತಿಗೆ ನಾನು ಎದ್ದೆ. ಈ ಸಲ ಹೊರಡುವ ಅವಸರ ನನ್ನದು. ಅತಿಥಿಯನ್ನು ಕಾರಿನ ತನಕ ಕಳಿಸಿಕೊಡುವುದು ನಮ್ಮ ಜನರ ಪದ್ಧತಿಯಷ್ಟೆ. ಭಾವನವರು ಚಪ್ಪಲಿ ಮೆಟ್ಟಿಕೊಂಡರು. ಬೇಡವೆಂದರೂ ಕೇಳಲಿಲ್ಲ. ಬಾಗಿಲಾಚೆ ಸಂಜೆಗತ್ತಲು. ನಾನು ಅವರ ಮೊಣಕೈ ಹಿಡಿದೆ. ಜೀವನದಲ್ಲಿ ಮೊದಲ ಸಲ. ಜವಾಬ್ದಾರಿಯಿಂದ ಮೈಯೆಲ್ಲ ಬಿಗಿಯಾಯಿತು.

"ಮೂರು ಮೆಟ್ಟಲು ಭಾವ. ನಿಧಾನ. ಒಂದು... ಎರಡು... ಮೂರು. ಆಯ್ತು, ನೆಲ ಬಂತು," ಎಂದು ಧೈರ್ಯವಾಗಿ ಕಾಲು ಮುಂದಿಟ್ಟೆ.

ಅಲ್ಲಿ ನೆಲವಿರಲಿಲ್ಲ. ಮುಗ್ಗರಿಸಿ ಮುಂದಕ್ಕೆ ಹೋದವನನ್ನು, ಒಂದು ಮೆಟ್ಟಲು ಮೇಲೆ ಗಟ್ಟಿಯಾಗಿ ನಿಂತಿದ್ದ ಭಾವನವರು ರಟ್ಟೆ ಹಿಡಿದು ನಿಲ್ಲಿಸಿದರು.

"ನಾಲ್ಕು," ಎಂದರು. "ಬೀಳ್ತೀಯ. ನನ್ನ ಕೈ ಹಿಡ್ಕೋ."